ಒಂದು ಕಪಾಟು, ಹಲವು ಕೈಗಳು: ಶಾಲೆಯ ಜಾಲತಾಣವನ್ನು ಹಂಚಿಕೆಯ ಕಡತಕೋಶದ ಮೂಲಕ ನಡೆಸುವ ಬಗೆ

ಶಾಲೆಯೊಂದಕ್ಕೆ ಐವತ್ತು ವರ್ಷ ತುಂಬಿತೆಂದರೆ ಅದರ ಹಿಂದೆ ಎರಡು ತಲೆಮಾರಿನ ಮಕ್ಕಳು, ಅಧ್ಯಾಪಕರು, ಊರ ಮಹನೀಯರು ನಿಂತಿದ್ದಾರೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅವರ ಜೊತೆಗೆ ಒಂದು ಕಾಗದದ ರಾಶಿಯೂ ನಿಂತಿದೆ. ದಾಖಲಾತಿ ಪುಸ್ತಕಗಳು, ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಗಳು, ಮಕ್ಕಳ ಯಕ್ಷಗಾನ ತಂಡದ ಭಾವಚಿತ್ರಗಳು, ಕೈಬರಹದ ಪತ್ರಿಕೆಗಳು, ರಕ್ಷಕ-ಶಿಕ್ಷಕ ಸಂಘದ ವರದಿಗಳು ಆ ರಾಶಿಯಲ್ಲಿವೆ. ಗಡಿನಾಡಿನ ಕನ್ನಡ ಶಾಲೆಗೆ ಇವು ಬರಿಯ ನೆನಪಿನ ಸಾಮಗ್ರಿಗಳಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳ ರಾಜ್ಯಕ್ಕೆ ಸೇರಿದ ಬಳಿಕವೂ ಇಲ್ಲಿ ಕನ್ನಡದಲ್ಲಿ ಕಲಿತವರಿದ್ದರು, ಕಲಿಸಿದವರಿದ್ದರು ಎಂಬುದಕ್ಕೆ ಇವೇ ಸಾಕ್ಷಿ.

ಈ ಸಾಕ್ಷ್ಯವನ್ನು ಗೆದ್ದಲಿನಿಂದಲೂ ಮಳೆಗಾಲದ ತೇವದಿಂದಲೂ ಕಾಪಾಡಿ, ಮುಂಬಯಿ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದ ಹಳೆ ವಿದ್ಯಾರ್ಥಿಗಳ ಕಣ್ಣೆದುರಿಗೆ ತರುವುದಕ್ಕೆ ಇಂದು ಜಾಲತಾಣಕ್ಕಿಂತ ಸುಲಭವಾದ ಸಾಧನವಿಲ್ಲ. ಆದರೆ ಅನೇಕ ಶಾಲೆಗಳ, ಸಂಘಗಳ ಜಾಲತಾಣಗಳ ಕಥೆ ಒಂದೇ ಬಗೆಯದು. ಉತ್ಸಾಹಿಯಾದ ಯುವಕನೊಬ್ಬ ಅದನ್ನು ಕಟ್ಟುತ್ತಾನೆ. ಎರಡು ವರ್ಷ ಸೊಗಸಾಗಿ ನಡೆಯುತ್ತದೆ. ಆತನಿಗೆ ದೂರದಲ್ಲಿ ಉದ್ಯೋಗ ದೊರೆಯುತ್ತದೆ. ಗುಪ್ತಪದ ಅವನೊಡನೆಯೇ ಹೋಗುತ್ತದೆ. ಆಮೇಲೆ ಆ ಪುಟದಲ್ಲಿ ಹಳೆಯ ಮುಖ್ಯೋಪಾಧ್ಯಾಯರ ಹೆಸರೇ ನಿಂತುಬಿಡುತ್ತದೆ. ಕೆಲಸವು ಒಂದೇ ಕೈಯಲ್ಲಿರುವುದೇ ಇಲ್ಲಿನ ತೊಡಕು. ಹಲವು ಕೈಗಳು ಗೊಂದಲವಿಲ್ಲದೆ ಒಂದೇ ಜಾಲತಾಣವನ್ನು ನಡೆಸುವುದು ಹೇಗೆ? ಇದಕ್ಕೆ ಹಳೆಯದಾದರೂ ಇಂದಿಗೂ ಉಪಯುಕ್ತವಾದ ಒಂದು ಉಪಾಯವೆಂದರೆ ಜಾಲದ ಮೂಲಕ ಹಂಚಿಕೊಂಡ ಕಡತಕೋಶ, ಅಂದರೆ ಶೇರ್ಡ್ ಫೋಲ್ಡರ್. ಅದರ ಸ್ವರೂಪವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಜಾಲತಾಣವೂ ಒಂದು ಕಪಾಟೇ

ಜಾಲತಾಣವೆಂದರೆ ಆಕಾಶದಲ್ಲೆಲ್ಲೋ ತೇಲುವ ವಸ್ತುವಲ್ಲ. ಸದಾ ಚಾಲೂ ಇರುವ, ಸರ್ವರ್ ಎಂದು ಕರೆಯಲಾಗುವ ಗಣಕಯಂತ್ರವೊಂದರಲ್ಲಿ ಒಂದು ಕಡತಕೋಶವಿರುತ್ತದೆ. ಓದುಗನು ವಿಳಾಸವನ್ನು ಬರೆದೊಡನೆ ಸರ್ವರ್ ಆ ಕೋಶದೊಳಗಿಂದ ಅದೇ ಹೆಸರಿನ ಕಡತವನ್ನು ತೆಗೆದು ಕಳುಹಿಸುತ್ತದೆ. ವಿಳಾಸದಲ್ಲಿ ಓರೆಗೆರೆಗಳ ನಡುವೆ ಕಾಣುವ ಹೆಸರುಗಳು ಸಾಮಾನ್ಯವಾಗಿ ಕೋಶದೊಳಗಿನ ಒಳಕೋಶಗಳ ಹೆಸರುಗಳೇ. ಗ್ರಂಥಾಲಯದಲ್ಲಿ ಕಪಾಟು, ಅಂಕಣ, ಪುಸ್ತಕ ಎಂದು ಹುಡುಕಿದಂತೆಯೇ ಇದು. ಹಾಗಿದ್ದಮೇಲೆ ಆ ಕೋಶಕ್ಕೆ ಹೊಸ ಕಡತವನ್ನು ಹಾಕುವುದೇ ಪ್ರಕಟಣೆ. ಹಳೆಯದನ್ನು ಬದಲಿಸುವುದೇ ಪರಿಷ್ಕರಣೆ.

ವಿಶ್ವವ್ಯಾಪಿ ಜಾಲವನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ ಅವರ ಕಲ್ಪನೆಯೂ ಇದಕ್ಕೆ ಹತ್ತಿರವಾಗಿತ್ತು. ಜಿನೀವಾದ ಸರ್ನ್ ಸಂಶೋಧನಾಲಯದಲ್ಲಿ 1989ರಲ್ಲಿ ಅವರು ತಮ್ಮ ಯೋಜನೆಯನ್ನು ಮುಂದಿಟ್ಟರು. 1990ರ ಕೊನೆಗೆ ಅವರು ರಚಿಸಿದ ಮೊದಲ ಬ್ರೌಸರಿನಲ್ಲಿ ಪುಟವನ್ನು ಓದುವುದರ ಜೊತೆಗೆ ತಿದ್ದುವ ಸೌಕರ್ಯವೂ ಇತ್ತು. ಓದುವವನು ಬರೆಯುವವನೂ ಆಗಬೇಕೆಂಬುದು ಅವರ ಆಶಯ. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಾಂಶವನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಮುಂದೆ ಜನಪ್ರಿಯವಾದ ಬ್ರೌಸರುಗಳು ಮಾತ್ರ ಓದುವುದಕ್ಕಷ್ಟೇ ಸೀಮಿತವಾದವು. ಬರೆಯುವ ಕೆಲಸಕ್ಕೆ ಬೇರೆ ದಾರಿ ಬೇಕಾಯಿತು.

ಕಡತ ಹಂಚಿಕೆಯ ಹಿನ್ನೆಲೆ

ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಕಡತವನ್ನು ಸಾಗಿಸುವ ಎಫ್‌ಟಿಪಿ ಎಂಬ ನಿಯಮಾವಳಿಯ ಮೊದಲ ಕರಡನ್ನು 1971ರಲ್ಲಿ ಬರೆದವರು ಭಾರತೀಯರಾದ ಅಭಯ್ ಭೂಷಣ್. ಕಾನ್ಪುರದ ಐಐಟಿಯ ಮೊದಲ ತಂಡದ ಪದವೀಧರರಾದ ಅವರು ಆಗ ಅಮೆರಿಕದ ಎಂಐಟಿಯಲ್ಲಿದ್ದರು. ಎಫ್‌ಟಿಪಿಯ ಕ್ರಮವು ಅಂಚೆಯಂತೆ: ಇಲ್ಲಿ ಬರೆದು ಅಲ್ಲಿಗೆ ಕಳುಹಿಸಬೇಕು. ಹಂಚಿಕೆಯ ಕೋಶದ ಕ್ರಮ ಬೇರೆ. ದೂರದ ಕಪಾಟೇ ನಮ್ಮ ಮೇಜಿನ ಪಕ್ಕದಲ್ಲಿರುವಂತೆ ಕಾಣುತ್ತದೆ. ಅದರೊಳಗಿನ ಕಡತವನ್ನು ಅಲ್ಲಿಯೇ ತೆರೆದು, ತಿದ್ದಿ, ಮುಚ್ಚಬಹುದು.

1980ರ ದಶಕದ ಮೊದಲ ಭಾಗದಲ್ಲಿ ಐಬಿಎಂ ಸಂಸ್ಥೆಯ ಬ್ಯಾರಿ ಫೈಗನ್‌ಬಾಮ್ ಇದಕ್ಕೆ ಎಸ್‌ಎಂಬಿ ಎಂಬ ಭಾಷೆಯೊಂದನ್ನು ರೂಪಿಸಿದರು. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಯುನಿಕ್ಸ್ ಗಣಕಗಳಿಗಾಗಿ ಎನ್‌ಎಫ್‌ಎಸ್ ಎಂಬುದನ್ನು ಹೊರತಂದಿತು. ವಿಂಡೋಸ್ ಗಣಕಗಳು ಎಸ್‌ಎಂಬಿಯನ್ನು ಅವಲಂಬಿಸಿದವು. ಹೀಗೆ ಎರಡು ಕುಲಗಳಾಗಿ, ಒಂದರ ಮಾತು ಇನ್ನೊಂದಕ್ಕೆ ತಿಳಿಯದಂತಾದಾಗ ಸೇತುವೆ ಕಟ್ಟಿದವರು ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಡ್ಜೆಲ್. 1991-92ರಲ್ಲಿ ಅವರು ಬರೆದ ತಂತ್ರಾಂಶಕ್ಕೆ ಮುಂದೆ ಹೊಸ ಹೆಸರು ಬೇಕಾದಾಗ, ಎಸ್, ಎಂ, ಬಿ ಎಂಬ ಅಕ್ಷರಗಳು ಇದೇ ಕ್ರಮದಲ್ಲಿ ಬರುವ ಪದಗಳನ್ನು ಗಣಕದ ಪದಪಟ್ಟಿಯಲ್ಲಿ ಹುಡುಕಿ ‘ಸಾಂಬಾ’ ಎಂದು ಕರೆದರು. ಬ್ರೆಜಿಲಿನ ನೃತ್ಯದ ಹೆಸರು ತಂತ್ರಾಂಶಕ್ಕೆ ಬಂದುದು ಹೀಗೆ. ಸಾಂಬಾ ಉಚಿತವಾಗಿ ದೊರೆಯುತ್ತದೆ. ಲಿನಕ್ಸ್ ಗಣಕದಲ್ಲಿರುವ ಕೋಶವನ್ನು ವಿಂಡೋಸ್ ಗಣಕಕ್ಕೂ ತೆರೆದುಕೊಡುತ್ತದೆ.

ಕೇರಳದ ಶಾಲೆಗಳಿಗೆ ಇದು ಪರಕೀಯವಾದ ವಿಷಯವಲ್ಲ. 2001ರಲ್ಲಿ ಆರಂಭವಾಗಿ, 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾಗಿ ರೂಪಾಂತರಗೊಂಡ ‘ಐಟಿ ಅಟ್ ಸ್ಕೂಲ್’ ಯೋಜನೆಯು ಇಲ್ಲಿನ ತರಗತಿಗಳಿಗೆ ಲಿನಕ್ಸ್ ಆಧಾರಿತ ಸ್ವತಂತ್ರ ತಂತ್ರಾಂಶವನ್ನು ತಂದಿತು. ಶಾಲೆಯ ಪ್ರಯೋಗಾಲಯದಲ್ಲಿ ಲಿನಕ್ಸ್, ಹೆತ್ತವರ ಮನೆಯಲ್ಲಿ ವಿಂಡೋಸ್, ವಿದೇಶದ ಹಳೆ ವಿದ್ಯಾರ್ಥಿಯ ಬಳಿ ಆಪಲ್ ಗಣಕ ಇರುವ ನಮ್ಮ ಪರಿಸ್ಥಿತಿಗೆ ಸಾಂಬಾದಂತಹ ಸೇತುವೆಯೇ ತಕ್ಕುದು.

ಮೂರು ಕೋಶಗಳ ವ್ಯವಸ್ಥೆ

ಪ್ರಕಟವಾಗುವ ಕೋಶದ ಕೀಲಿಕೈಯನ್ನು ಎಲ್ಲರಿಗೂ ಕೊಟ್ಟುಬಿಟ್ಟರೆ ಅರ್ಧ ಬರೆದ ವಾಕ್ಯವೂ ಲೋಕಕ್ಕೆ ಕಾಣುತ್ತದೆ. ಕೈತಪ್ಪಿ ಅಳಿಸಿದರೆ ಪುಟವೇ ಮಾಯವಾಗುತ್ತದೆ. ಆದುದರಿಂದ ಮೂರು ಕೋಶಗಳನ್ನು ಮಾಡುವುದು ವಿವೇಕ. ಅವನ್ನು ‘ಕರಡು’, ‘ಪರಿಶೀಲನೆ’, ‘ಪ್ರಕಟ’ ಎಂದು ಕರೆಯೋಣ.

ಕರಡು ಕೋಶದಲ್ಲಿ ಅಧ್ಯಾಪಕರು, ಹಳೆ ವಿದ್ಯಾರ್ಥಿ ಸಂಘದವರು, ತಂತ್ರಜ್ಞಾನದ ‘ಲಿಟ್ಲ್ ಕೈಟ್ಸ್’ ಕೂಟದ ಮಕ್ಕಳು ಎಲ್ಲರೂ ಬರೆಯಬಹುದು. ಅಲ್ಲಿಂದ ಮುಂದಕ್ಕೆ ಹೋಗಲು ತಕ್ಕುದೆನಿಸಿದ್ದನ್ನು ಪರಿಶೀಲನೆಯ ಕೋಶಕ್ಕೆ ಸರಿಸಬೇಕು. ಇದನ್ನು ಓದಿ ಕಾಗುಣಿತ, ಇಸವಿ, ಹೆಸರುಗಳನ್ನು ನೋಡುವ ಹೊಣೆ ಇಬ್ಬರು ಅಧ್ಯಾಪಕರದು. ಪ್ರಕಟ ಕೋಶಕ್ಕೆ ಕೈಯಿಂದ ಯಾರೂ ಏನನ್ನೂ ಹಾಕಬಾರದು. ಒಪ್ಪಿಗೆಯಾದ ಕಡತಗಳನ್ನು ದಿನಕ್ಕೊಮ್ಮೆ ಒಂದು ಚಿಕ್ಕ ತಂತ್ರಾಂಶವೇ ಅಲ್ಲಿಗೆ ನಕಲು ಮಾಡಬೇಕು. ಇದಕ್ಕೆ ಒದಗುವ ಆರ್‌ಸಿಂಕ್ ಎಂಬುದು 1996ರಲ್ಲಿ ಬಂದಿತು. ಅದರ ಕರ್ತೃಗಳಲ್ಲೊಬ್ಬರು ಅದೇ ಟ್ರಿಡ್ಜೆಲ್, ಇನ್ನೊಬ್ಬರು ಪಾಲ್ ಮೆಕೆರಸ್. ಕಡತದಲ್ಲಿ ಬದಲಾದ ಭಾಗವನ್ನಷ್ಟೇ ಸಾಗಿಸುವುದರಿಂದ ಮಂದಗತಿಯ ಸಂಪರ್ಕದಲ್ಲಿಯೂ ಇದು ಬೇಗನೆ ಮುಗಿಯುತ್ತದೆ.

ಅನುಮತಿಗಳನ್ನು ವ್ಯಕ್ತಿಗಳಿಗೆ ಕೊಡದೆ ಗುಂಪುಗಳಿಗೆ ಕೊಡಬೇಕೆಂಬುದು ಇಲ್ಲಿನ ಮುಖ್ಯ ಸೂತ್ರ. ‘ಬರೆಯುವವರು’, ‘ಪರಿಶೀಲಕರು’ ಎಂಬ ಗುಂಪುಗಳನ್ನು ಸರ್ವರಿನಲ್ಲಿ ಮಾಡಿ, ಯಾವ ಕೋಶದಲ್ಲಿ ಯಾರು ಓದಬಹುದು, ಯಾರು ತಿದ್ದಬಹುದು ಎಂದು ನಿಗದಿಪಡಿಸಬೇಕು. ಅಧ್ಯಾಪಕರೊಬ್ಬರು ವರ್ಗವಾಗಿ ಹೋದರೆ ಅವರ ಹೆಸರನ್ನು ಗುಂಪಿನಿಂದ ತೆಗೆದು ಹೊಸಬರದನ್ನು ಸೇರಿಸಿದರಾಯಿತು, ಕೋಶಗಳನ್ನು ಮುಟ್ಟಬೇಕಾಗಿಲ್ಲ. ಎಲ್ಲರಿಗೂ ಒಂದೇ ಗುಪ್ತಪದ ಕೊಡುವ ಪದ್ಧತಿ ಮೇಲ್ನೋಟಕ್ಕೆ ಸುಲಭ. ಆದರೆ ಯಾರು ಏನನ್ನು ಬದಲಿಸಿದರೆಂಬುದು ಆಗ ತಿಳಿಯುವುದಿಲ್ಲ. ಒಬ್ಬರು ಹೋದಾಗ ಎಲ್ಲರ ಕೀಲಿಯನ್ನೂ ಬದಲಿಸಬೇಕಾಗುತ್ತದೆ.

ಇಬ್ಬರು ಒಂದೇ ಪುಟವನ್ನು ತಿದ್ದಿದಾಗ

ಗೋಪಾಲ ಮಾಸ್ತರರು ಬೆಳಗ್ಗೆ ಹತ್ತು ಗಂಟೆಗೆ ವಾರ್ಷಿಕೋತ್ಸವದ ವರದಿಯನ್ನು ತೆರೆದರೆನ್ನೋಣ. ಐದು ನಿಮಿಷದ ಬಳಿಕ ಶಾರದಾ ಟೀಚರೂ ಅದನ್ನೇ ತೆರೆದರು. ಮಾಸ್ತರರು ಬಹುಮಾನಿತರ ಪಟ್ಟಿಯನ್ನು ಸೇರಿಸಿ ಉಳಿಸಿದರು. ಟೀಚರ ಕೈಯಲ್ಲಿರುವುದು ಪಟ್ಟಿಯಿಲ್ಲದ ಹಳೆಯ ಪ್ರತಿ. ಅವರು ಅದಕ್ಕೆ ಅತಿಥಿಗಳ ಭಾಷಣವನ್ನು ಸೇರಿಸಿ ಉಳಿಸಿದರು. ಫಲವಾಗಿ ಭಾಷಣ ಉಳಿಯಿತು, ಬಹುಮಾನಿತರು ಮಾಯವಾದರು. ಯಾರದೂ ತಪ್ಪಿಲ್ಲ, ಕೊನೆಗೆ ಬರೆದವನದೇ ನಿಲ್ಲುತ್ತದೆ ಎಂಬುದು ಬರಿಯ ಕೋಶದ ಸ್ವಭಾವ.

ಇದಕ್ಕೆ ಪರಿಹಾರವೇ ಬೀಗ. ವರ್ಡ್, ಲಿಬ್ರೆಆಫೀಸ್ ಮುಂತಾದ ತಂತ್ರಾಂಶಗಳು ಕಡತವನ್ನು ತೆರೆದಾಗ ಪಕ್ಕದಲ್ಲೊಂದು ಚಿಕ್ಕ ಗುರುತಿನ ಕಡತವನ್ನು ಇಡುತ್ತವೆ. ಎರಡನೆಯವರು ತೆರೆಯಹೊರಟರೆ, ಇದು ಇಂಥವರ ಬಳಿ ತೆರೆದಿದೆ ಎಂದು ತಿಳಿಸುತ್ತವೆ. ಆದರೆ ಜಾಲಪುಟಗಳನ್ನು ತಿದ್ದಲು ಬಳಸುವ ಸರಳ ಪಠ್ಯ ಸಂಪಾದಕಗಳಲ್ಲಿ ಅನೇಕವು ಇಂತಹ ಎಚ್ಚರಿಕೆ ಕೊಡುವುದಿಲ್ಲ. ಈ ಕೊರತೆಯನ್ನು ನೀಗಲೆಂದೇ ಜಾಲದ ಭಾಷೆಯಾದ ಎಚ್‌ಟಿಟಿಪಿಗೆ ವೆಬ್‌ಡಾವ್ ಎಂಬ ವಿಸ್ತರಣೆಯನ್ನು 1999ರಲ್ಲಿ ಪ್ರಕಟಿಸಲಾಯಿತು. ಕಡತಕ್ಕೆ ಬೀಗ ಹಾಕುವ, ತೆಗೆಯುವ ಆಜ್ಞೆಗಳು ಅದರಲ್ಲಿವೆ. ಹೆಸರಿನಲ್ಲಿ ಹಳೆಯ ಆವೃತ್ತಿಗಳನ್ನು ಕಾಪಾಡುವ ಮಾತೂ ಇದೆ. ಆದರೆ ಆ ಭಾಗವು ಪ್ರತ್ಯೇಕ ನಿಯಮಾವಳಿಯಾಗಿ 2002ರಲ್ಲಿ ಬಂದಿತು.

ಯಂತ್ರದ ಬೀಗವಿಲ್ಲದೆಡೆ ಮನುಷ್ಯರ ಕಟ್ಟುಪಾಡು ನೆರವಾಗುತ್ತದೆ. ಒಂದೊಂದು ಒಳಕೋಶಕ್ಕೆ ಒಬ್ಬೊಬ್ಬರನ್ನು ಹೊಣೆಗಾರರನ್ನಾಗಿ ಮಾಡುವುದು, ದೊಡ್ಡ ಪುಟವನ್ನು ಚಿಕ್ಕ ಕಡತಗಳಾಗಿ ಒಡೆಯುವುದು, ಕಡತದ ಹೆಸರಿನಲ್ಲಿಯೇ ದಿನಾಂಕವನ್ನು ಇಸವಿ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯುವುದು ಇವು ಮೂರನ್ನೂ ಪಾಲಿಸಿದರೆ ಹೆಚ್ಚಿನ ಗೊಂದಲಗಳು ತಪ್ಪುತ್ತವೆ.

ಹೆಸರಿನೊಳಗಿನ ತೊಡಕು

ವಿಂಡೋಸ್ ಗಣಕಕ್ಕೆ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದ ಕಡತದ ಹೆಸರಿನಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಲಿನಕ್ಸಿಗೆ ಅವು ಬೇರೆ ಬೇರೆ ಹೆಸರುಗಳು. ಮನೆಯ ಗಣಕದಲ್ಲಿ ಸರಿಯಾಗಿ ಕಾಣುವ ಭಾವಚಿತ್ರವು ಸರ್ವರಿಗೆ ಹೋದೊಡನೆ ಕಾಣದಾಗುವುದಕ್ಕೆ ಅನೇಕ ವೇಳೆ ಇದೇ ಕಾರಣ. ಇಂಗ್ಲಿಷ್ ಹೆಸರುಗಳನ್ನೆಲ್ಲ ಚಿಕ್ಕಕ್ಷರಗಳಲ್ಲಿಯೇ, ನಡುವೆ ತೆರಪು ಬಿಡದೆ ಬರೆಯುವುದು ಕ್ಷೇಮ.

ಕಡತಕ್ಕೆ ಕನ್ನಡದಲ್ಲಿಯೇ ಹೆಸರಿಡಬಹುದೇ? ಇಡಬಹುದು. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದೆ. ಆದರೆ ಎರಡು ಸಂಗತಿಗಳನ್ನು ಅರಿತಿರಬೇಕು. ಮೊದಲನೆಯದಾಗಿ, ಸಾಮಾನ್ಯವಾಗಿ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಒಂದೊಂದು ಕನ್ನಡ ಚಿಹ್ನೆಗೆ 3 ಬೈಟ್ ಬೇಕು. ಲಿನಕ್ಸಿನಲ್ಲಿ ಒಂದು ಹೆಸರಿಗೆ ಸಾಮಾನ್ಯವಾಗಿ 255 ಬೈಟುಗಳ ಮಿತಿಯಿರುವುದರಿಂದ ಕನ್ನಡದ ಹೆಸರು 85 ಚಿಹ್ನೆಗಳಿಗೆ ಮುಗಿಯುತ್ತದೆ. ಒತ್ತಕ್ಷರ, ಕಾಗುಣಿತಗಳ ಗುರುತುಗಳೂ ಇದರಲ್ಲಿ ಸೇರುತ್ತವೆ. ವಿಳಾಸವಾಗಿ ಸಾಗುವಾಗ ಪ್ರತಿ ಚಿಹ್ನೆಯೂ 9 ಅಕ್ಷರಗಳಷ್ಟು ಉದ್ದವಾಗುತ್ತದೆ.

ಎರಡನೆಯದು ಸೂಕ್ಷ್ಮವಾದುದು. ‘ಕೋಟೆ’ ಎಂಬ ಪದದ ‘ಕೋ’ ಅಕ್ಷರವನ್ನು ಗಣಕವು ಎರಡು ಬಗೆಯಾಗಿ ಬರೆದುಕೊಳ್ಳಬಹುದು: ಓಕಾರಕ್ಕೆ ಒಂದೇ ಚಿಹ್ನೆಯಾಗಿ, ಅಥವಾ ಎಕಾರದ ಗುರುತು, ಊಕಾರದ ಗುರುತು, ದೀರ್ಘದ ಗುರುತು ಎಂದು ಮೂರಾಗಿ ಬಿಡಿಸಿ. ಕಾಗುಣಿತ ಕಲಿತ ಯಾವ ಮಗುವೂ ಇದನ್ನು ಬಲ್ಲುದು. ಕಣ್ಣಿಗೆ ಎರಡೂ ಒಂದೇ. ಗಣಕಕ್ಕೆ ಬೇರೆ ಬೇರೆ. ಆಪಲ್ ಗಣಕಗಳಲ್ಲಿ 1998ರಿಂದ ಬಹುಕಾಲ ಬಳಕೆಯಲ್ಲಿದ್ದ ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತ ವ್ಯವಸ್ಥೆಯು ಹೆಸರುಗಳನ್ನು ಬಿಡಿಸಿದ ರೂಪದಲ್ಲಿಯೇ ಇಡುತ್ತಿತ್ತು. ಅಲ್ಲಿಂದ ಲಿನಕ್ಸ್ ಸರ್ವರಿಗೆ ಬಂದ ‘ಕೋಟೆ’ಯನ್ನು ನಾವು ಕೂಡಿಸಿದ ರೂಪದಲ್ಲಿ ಬರೆದು ಹುಡುಕಿದರೆ ಸಿಗದೆ ಹೋಗಬಹುದು. ಆದುದರಿಂದ ಕಡತದ ಹೆಸರನ್ನು ಸರಳ ಇಂಗ್ಲಿಷ್ ಅಕ್ಷರಗಳಲ್ಲಿಟ್ಟು, ಪುಟದ ಶೀರ್ಷಿಕೆ ಮತ್ತು ಒಳಗಿನ ಬರಹವನ್ನು ಕನ್ನಡದಲ್ಲಿ ತುಂಬುವುದು ಸದ್ಯಕ್ಕೆ ಲೇಸು.

ಹಳೆಯ ಸಂಚಿಕೆಗಳ ಬೆರಳಚ್ಚು ಕಡತಗಳು ದೊರೆತರೆ ಅವುಗಳಲ್ಲಿ ಅನೇಕವು ನುಡಿ, ಬರಹ, ಶ್ರೀಲಿಪಿ ಮುಂತಾದವುಗಳ ಹಳೆಯ ಫಾಂಟ್ ಸಂಕೇತಗಳಲ್ಲಿರುತ್ತವೆ. ಇವನ್ನು ಯುನಿಕೋಡಿಗೆ ಪರಿವರ್ತಿಸಿಯೇ ಕೋಶಕ್ಕೆ ಸೇರಿಸಬೇಕು. ಇಲ್ಲವಾದರೆ ಆ ಫಾಂಟ್ ಇಲ್ಲದವರಿಗೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ.

ಬಾಗಿಲನ್ನು ಎಲ್ಲಿಯವರೆಗೆ ತೆರೆಯಬೇಕು?

ಎಸ್‌ಎಂಬಿ ಹಂಚಿಕೆಯು ಶಾಲೆಯ ಆವರಣದೊಳಗಿನ ಜಾಲಕ್ಕೆ ಮಾತ್ರ ಸೀಮಿತವಾಗಿರಬೇಕು. ಅದು ಬಳಸುವ 445ನೇ ಸಂಖ್ಯೆಯ ದ್ವಾರವನ್ನು ಅಂತರ್ಜಾಲಕ್ಕೆ ತೆರೆದಿಡುವುದು ಅಪಾಯಕರ. 2017ರ ಮೇ 12ರಂದು ಹರಡತೊಡಗಿದ ‘ವಾನ್ನಾಕ್ರೈ’ ಎಂಬ ಕೀಟ ತಂತ್ರಾಂಶವು ಎಸ್‌ಎಂಬಿಯ ಮೊದಲ ಆವೃತ್ತಿಯ ದೋಷವೊಂದರ ಮೂಲಕವೇ ನುಗ್ಗಿತು. ಸುಮಾರು 150 ದೇಶಗಳಲ್ಲಿ ಲಕ್ಷಾಂತರ ಗಣಕಗಳ ಕಡತಗಳನ್ನು ಗೂಢಲಿಪಿಗೆ ತಿರುಗಿಸಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೂ ಬಾಧೆಗೊಳಗಾದವು. ಆ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚಿನಲ್ಲಿ, ಪರಿಹಾರ ಹೊರಡಿಸಿತ್ತು. ಅದನ್ನು ಅಳವಡಿಸದವರೇ ಹೆಚ್ಚಾಗಿ ತೊಂದರೆಗೀಡಾದರು. ಹಳೆಯ ಆವೃತ್ತಿಯನ್ನು ಮುಚ್ಚುವುದು, ಪರಿಷ್ಕರಣೆಗಳನ್ನು ಕಾಲಕಾಲಕ್ಕೆ ಹಾಕುವುದು ಇವು ಸರ್ವರ್ ನೋಡಿಕೊಳ್ಳುವವರ ನಿತ್ಯಕರ್ಮವಾಗಬೇಕು.

ದೂರದ ಹಳೆ ವಿದ್ಯಾರ್ಥಿಗಳಿಗೆ ಗೂಢಲಿಪಿಯ ರಕ್ಷಣೆಯಿರುವ ಎಸ್‌ಎಫ್‌ಟಿಪಿ, ಅಥವಾ ಎಚ್‌ಟಿಟಿಪಿಎಸ್ ಮೂಲಕ ವೆಬ್‌ಡಾವ್ ಒದಗಿಸಬಹುದು. ವಿಂಡೋಸಿನೊಳಗೇ ಇದ್ದ ವೆಬ್‌ಡಾವ್ ಸೌಕರ್ಯವನ್ನು ಮೈಕ್ರೋಸಾಫ್ಟ್ 2023ರಲ್ಲಿ ಕೈಬಿಡಲಿರುವವುಗಳ ಪಟ್ಟಿಗೆ ಸೇರಿಸಿರುವುದರಿಂದ, ಅದಕ್ಕೆ ಪ್ರತ್ಯೇಕ ತಂತ್ರಾಂಶವನ್ನು ಬಳಸುವುದು ಒಳ್ಳೆಯದು.

ಇನ್ನೊಂದು ಎಚ್ಚರಿಕೆ ಮಕ್ಕಳ ಕುರಿತು. ದಾಖಲಾತಿ ಪುಸ್ತಕದ ಪ್ರತಿ, ಇಂದಿನ ವಿದ್ಯಾರ್ಥಿಗಳ ವಿಳಾಸ, ದೂರವಾಣಿ ಸಂಖ್ಯೆ ಇವು ಜಾಲತಾಣದ ಕೋಶದ ಹತ್ತಿರವೂ ಸುಳಿಯಬಾರದು. ಅವುಗಳ ಕಪಾಟೇ ಬೇರೆಯಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರ ಮಾಹಿತಿಯ ಬಳಕೆಗೆ ಹೆತ್ತವರ ಸಮ್ಮತಿಯನ್ನು ವಿಧಿಸಿದೆ. ಭಾವಚಿತ್ರ ಹಾಕುವ ಮುನ್ನ ಆ ಸಮ್ಮತಿಯನ್ನು ಬರಹದಲ್ಲಿ ಪಡೆಯುವುದು ಶಾಲೆಗೂ ಮನೆಗೂ ನೆಮ್ಮದಿ.

ಹಂಚಿಕೆಯೇ ರಕ್ಷಣೆಯಲ್ಲ

ಕಡತವು ಹತ್ತು ಗಣಕಗಳಲ್ಲಿ ಕಾಣುತ್ತದೆಯೆಂದ ಮಾತ್ರಕ್ಕೆ ಹತ್ತು ಪ್ರತಿಗಳಿವೆ ಎಂದು ಭಾವಿಸಬಾರದು. ಕಾಣುವುದು ಹತ್ತು ಕಡೆ, ಇರುವುದು ಒಂದೇ ಕಡೆ. ಒಬ್ಬರು ಅಳಿಸಿದರೆ ಎಲ್ಲರಿಗೂ ಅಳಿಯುತ್ತದೆ. ವಿಂಡೋಸ್ ಗಣಕದಿಂದ ಜಾಲದ ಕೋಶದ ಕಡತವನ್ನು ಅಳಿಸಿದರೆ ಅದು ಸಾಮಾನ್ಯವಾಗಿ ಕಸದ ಬುಟ್ಟಿಗೂ ಹೋಗದೆ ನೇರವಾಗಿ ಇಲ್ಲವಾಗುತ್ತದೆ. ಸಾಂಬಾದಲ್ಲಿ ಇದಕ್ಕಾಗಿಯೇ ಬುಟ್ಟಿಯ ಸೌಕರ್ಯವೊಂದಿದೆ. ಅದನ್ನು ಮೊದಲ ದಿನವೇ ಚಾಲೂ ಮಾಡಬೇಕು.

ಸರ್ವರ್ ಒಂದು ಸಿಡಿಲಿಗೆ ಸುಟ್ಟುಹೋಗಬಹುದು. ನಮ್ಮ ಮಳೆಗಾಲವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಿಳಿದವರು ಹೇಳುವ ಸೂತ್ರ ಮೂರು-ಎರಡು-ಒಂದು ಎಂಬುದು: ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳು, ಒಂದು ಪ್ರತಿ ಬೇರೆ ಊರಿನಲ್ಲಿ. ಸರ್ವರಿನಲ್ಲೊಂದು, ಬಳಸದಿರುವಾಗ ತಂತಿ ಕಳಚಿ ಕಪಾಟಿನಲ್ಲಿಡುವ ಹೊರ ಡಿಸ್ಕಿನಲ್ಲೊಂದು, ದೂರದ ಹಳೆ ವಿದ್ಯಾರ್ಥಿಯ ಬಳಿ ಇನ್ನೊಂದು ಇದ್ದರೆ ಸಾಕು. ವರ್ಷಕ್ಕೊಮ್ಮೆ ಆ ಪ್ರತಿಯಿಂದ ಕಡತಗಳನ್ನು ಮರಳಿ ತೆರೆದು ನೋಡಬೇಕು. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ನಂಬಲಾಗದು.

ಉಚಿತವಾದ ಪರರ ಜಾಗದಲ್ಲಿಯೇ ಇಟ್ಟರಾಗದೇ ಎಂದು ಕೇಳಬಹುದು. ಲಕ್ಷಾಂತರ ಮಂದಿಯ ಪುಟಗಳಿದ್ದ ಜಿಯೋಸಿಟೀಸನ್ನು ಯಾಹೂ ಸಂಸ್ಥೆಯು 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಗೂಗಲ್ ಡ್ರೈವಿನ ಕೋಶವನ್ನೇ ಜಾಲತಾಣವಾಗಿ ತೋರಿಸುವ ಸೌಕರ್ಯವು 2016ರ ಆಗಸ್ಟಿನಲ್ಲಿ ನಿಂತಿತು. ಪರರ ಜಾಗವನ್ನು ಬಳಸಬಾರದೆಂದಲ್ಲ. ಮೂಲಪ್ರತಿ ಮಾತ್ರ ನಮ್ಮ ಕಪಾಟಿನಲ್ಲಿಯೇ ಇರಬೇಕು.

ಎಲ್ಲಿ ಒಪ್ಪುತ್ತದೆ, ಎಲ್ಲಿ ಒಪ್ಪದು

ದಿನಕ್ಕೆ ಹತ್ತು ಸಲ ಬದಲಾಗುವ ಸುದ್ದಿತಾಣಕ್ಕೆ ಈ ವ್ಯವಸ್ಥೆ ಸಾಲದು. ಅಲ್ಲಿಗೆ ದತ್ತಸಂಚಯದಲ್ಲಿ ಬರಹವನ್ನಿಡುವ, 2003ರಲ್ಲಿ ಬಂದ ವರ್ಡ್‌ಪ್ರೆಸ್‌ನಂತಹ ತಂತ್ರಾಂಶಗಳು ಬೇಕು. ಹಲವರು ಕೂಡಿ ಒಂದೇ ಲೇಖನವನ್ನು ಬೆಳೆಸುವುದಾದರೆ ವಿಕಿಯೇ ಮೇಲು. ಕೇರಳದ ಶಾಲೆಗಳಿಗಾಗಿ 2009ರಲ್ಲಿ ಆರಂಭವಾದ ‘ಸ್ಕೂಲ್ ವಿಕಿ’ಯನ್ನು ಇಲ್ಲಿ ನೆನೆಯಬಹುದು. ಆದರೆ ಸಂಚಿಕೆಗಳು, ಭಾವಚಿತ್ರಗಳು, ವರದಿಗಳು, ಧ್ವನಿಮುದ್ರಣಗಳು ಒಮ್ಮೆ ಸೇರಿದರೆ ಹೆಚ್ಚು ಬದಲಾಗದಂಥವು. ಇವುಗಳಿಗೆ ಕಡತಕೋಶದಷ್ಟು ಬಾಳಿಕೆಯ ಮನೆ ಬೇರೊಂದಿಲ್ಲ. ಯಾವ ತಂತ್ರಾಂಶ ಬಂದರೂ ಹೋದರೂ ಕೋಶವನ್ನು ಎತ್ತಿ ಬೇರೆಡೆ ಇಡಬಹುದು.

ಕೊನೆಯದಾಗಿ ಒಂದು ಮಾತು. ಈ ವ್ಯವಸ್ಥೆಯಲ್ಲಿ ಯಂತ್ರದ ಪಾಲು ಸ್ವಲ್ಪ, ಜನರ ಪಾಲು ಹೆಚ್ಚು. ಜಾಲವಿಳಾಸದ ನವೀಕರಣದ ದಿನಾಂಕ, ಸರ್ವರಿನ ಗುಪ್ತಪದ, ಪ್ರತಿಗಳಿರುವ ಜಾಗ, ಹೊಣೆಗಾರರ ಹೆಸರು ಇವನ್ನು ಒಂದು ಪುಸ್ತಕದಲ್ಲಿ ಬರೆದು, ಮೊಹರು ಮಾಡಿದ ಲಕೋಟೆಯಲ್ಲಿ ಮುಖ್ಯೋಪಾಧ್ಯಾಯರ ಕಪಾಟಿನಲ್ಲಿಡಬೇಕು. ಅಧಿಕಾರ ವಹಿಸಿಕೊಡುವಾಗ ಬೀಗದ ಕೈಗಳೊಡನೆ ಅದನ್ನೂ ವಹಿಸಿಕೊಡಬೇಕು. ಜಾಲವಿಳಾಸವು ಶಾಲೆಯ ಹೆಸರಿನಲ್ಲಿರಬೇಕೇ ಹೊರತು ವ್ಯಕ್ತಿಯ ಹೆಸರಿನಲ್ಲಲ್ಲ. ಹಳೆ ವಿದ್ಯಾರ್ಥಿಗಳಲ್ಲಿ ಈ ವಿದ್ಯೆಯನ್ನು ಬಲ್ಲವರು ವರ್ಷಕ್ಕೆ ಎರಡು ದಿನಗಳನ್ನು ಮೀಸಲಿಟ್ಟು ಅಧ್ಯಾಪಕರಿಗೂ ಮಕ್ಕಳಿಗೂ ಕಲಿಸಿಕೊಟ್ಟರೆ, ಮತ್ತು ಮನೆಯ ಪೆಟ್ಟಿಗೆಯಲ್ಲಿರುವ ಒಂದೊಂದು ಹಳೆಯ ಭಾವಚಿತ್ರವನ್ನು ಹೆಸರು, ಇಸವಿಗಳೊಂದಿಗೆ ಕರಡು ಕೋಶಕ್ಕೆ ಸೇರಿಸಿದರೆ, ಶತಮಾನೋತ್ಸವದ ಸಂಚಿಕೆಯನ್ನು ಸಿದ್ಧಪಡಿಸುವವರಿಗೆ ಸಾಮಗ್ರಿಯ ಕೊರತೆಯಾಗದು. ಐವತ್ತು ವರ್ಷ ಈ ಊರಿನಲ್ಲಿ ಕನ್ನಡದ ಅಕ್ಷರವನ್ನು ಬೆಳಗಿಸಿದ ನಮ್ಮ ಶಾಲೆಗೆ ಆ ಭಾಗ್ಯ ಒದಗಲಿ ಎಂದು ಹಾರೈಸುತ್ತೇನೆ.